ಆರ್. ನಾಗೇಂದ್ರರಾಯರು ಹೀರೋ ಆಗಲಿಲ್ಲವೇಕೆ?

ನಿಮ್ಮ ಪ್ರಶ್ನೆ ಇದು: 'ಕೊಲ್ಹಾಪುರದಲ್ಲಿ ತೆಗೆದ ಮೊದಲ ಕನ್ನಡ ಟಾಕಿ (ಮಾತಿನ ಚಿತ್ರ) ಸತಿ ಸುಲೋಚನಾದಲ್ಲಿ ಸುಬ್ಬಯ್ಯ ನಾಯ್ಡು ಹೀರೋ, ನಾಗೇಂದ್ರರಾಯರು ರಾವಣ. ಆಮೇಲೂ ರಾಯರು ಪಕ್ಕದ ಪಾತ್ರಗಳಲ್ಲೇ ಕಾಣುತ್ತಾರೆ. ಹೀರೋ ಆಗುವ ಯೋಗ್ಯತೆ ಇರಲಿಲ್ಲವೇ? ನಾಟಕದ ನಟ ಕ್ಯಾಮೆರಾದ ಮುಂದೆ ಏನೇನು ಬದಲಿಸಿಕೊಳ್ಳಬೇಕಿತ್ತು?'

ಯೋಗ್ಯತೆಯ ಮಾತು ಬೇಡ. 'ಪಕ್ಕದ ಪಾತ್ರ' ಅನ್ನುವ ಲೆಕ್ಕವೇ ಕಂಪನಿ ನಾಟಕದವರಿಗೆ, ಅಂದರೆ ವೃತ್ತಿ ನಾಟಕ ಮಂಡಳಿಗಳವರಿಗೆ, ಇರಲಿಲ್ಲ. ಅಲ್ಲಿ ಇದ್ದದ್ದು ರಾಜಾಪಾರ್ಟು (ನಾಯಕನ ಪಾತ್ರ), ಸ್ತ್ರೀಪಾರ್ಟು, ರಾಕ್ಷಸ ಪಾರ್ಟು, ಹಾಸ್ಯ. ಗುಬ್ಬಿ ಕಂಪನಿಯ ಯಜಮಾನ ವೀರಣ್ಣನವರೇ ಹಾಸ್ಯ ನಟರು. ರಾಜಾಪಾರ್ಟಿನವನ ಬದುಕು ಕಂಠಕ್ಕೆ ಕಟ್ಟಿಕೊಂಡದ್ದು. ಮೈಕಿಲ್ಲದ ಕಾಲದಲ್ಲಿ ಏರು ಶ್ರುತಿ ಹಿಡಿದು, ಲೆಗ್ ಹಾರ್ಮೋನಿಯಂ ತಬಲಾ ಎರಡನ್ನೂ ಮೀರಿಸಿ, ಹಿಂದಿನ ಬೆಂಚಿನವನಿಗೂ ಕೇಳುವಂತೆ ರಾತ್ರಿಯಿಡೀ ಹಾಡಬೇಕು. 'ಒನ್ಸ್‌ಮೋರ್' ಬಂದರೆ ಅದೇ ಹಾಡು ಮತ್ತೆ. ಗಂಟಲು ಒಡೆದ ದಿನ ಕಿರೀಟ ಇನ್ನೊಬ್ಬನ ತಲೆಗೆ. ರಾವಣ, ಶಕಾರನಂಥ ಖಳ, ಮುದುಕ, ಇವರಿಗೆ ಆ ಹಂಗು ಅಷ್ಟಿಲ್ಲ. ಗಂಟಲು ದಪ್ಪವಾದರೆ ರಾವಣನಿಗೆ ಲಾಭವೇ. ನನ್ನ ಅಭಿಪ್ರಾಯದಲ್ಲಿ ರಾಯರ ವೃತ್ತಿ ಅಷ್ಟು ಉದ್ದ ಬಾಳಲು ಮುಖ್ಯ ಕಾರಣ ಇದು.

ಮೊದಲು ಕೊಲ್ಹಾಪುರದ ಮಾತು ಮುಗಿಸೋಣ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆಯ ನಮ್ಮಂಥ ಕನ್ನಡಿಗರು ಮೊದಲ ಕನ್ನಡ ಟಾಕಿ ಅಲ್ಲಿ ತಯಾರಾದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಕಾರಣ ಮಾತ್ರ ತೀರಾ ವ್ಯಾವಹಾರಿಕ. ಆಗ ಬೆಂಗಳೂರಿನಲ್ಲಿ ಟಾಕಿ ತೆಗೆಯುವ ಸ್ಟುಡಿಯೊ ಇರಲಿಲ್ಲ. ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ಮೂಕಿಯ (ಮಾತಿಲ್ಲದ ಚಿತ್ರಗಳ) ಕಾಲದಲ್ಲೇ ಸಿನಿಮಾ ಕಂಪನಿ ಕಟ್ಟಿದ್ದರು. 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿದ್ದೂ ಅಲ್ಲೇ. ಪ್ರಭಾತ್ 1933ರಲ್ಲಿ ಪುಣೆಗೆ ಹೋದರೂ ಕಸುಬು ಬಲ್ಲವರೆಲ್ಲ ಊರು ಬಿಟ್ಟಿರಲಿಲ್ಲ. ವೈ.ವಿ. ರಾವ್ ನಿರ್ದೇಶನದ 'ಸತಿ ಸುಲೋಚನಾ' ಅಲ್ಲಿನ ಛತ್ರಪತಿ ಸ್ಟುಡಿಯೊದಲ್ಲಿ, ಸುಮಾರು 40 ಸಾವಿರ ರೂಪಾಯಿಯಲ್ಲಿ ತಯಾರಾಗಿ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. (ಹಳೆಯ ಋಣವೊಂದೂ ಉಂಟು. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ 1842ರಲ್ಲಿ ಸಾಂಗ್ಲಿಯಲ್ಲಿ ಆಡಿದ್ದನ್ನು ಕಂಡೇ ವಿಷ್ಣುದಾಸ ಭಾವೆ ಮರುವರ್ಷ ಮರಾಠಿಯ ಮೊದಲ ನಾಟಕ ಕಟ್ಟಿದರು. 91 ವರ್ಷದ ಮೇಲೆ ಮರಾಠಿ ನೆಲ ಬಡ್ಡಿ ಕೊಟ್ಟಿತು ಅಂತ ಇಟ್ಟುಕೊಳ್ಳಿ.)

ಇನ್ನು ನಿಮ್ಮ ಎರಡನೇ ಪ್ರಶ್ನೆ, ಗಟ್ಟಿ ವಿಷಯ ಇರುವುದು ಇಲ್ಲಿ.

ಬಣ್ಣದಿಂದ ಶುರು ಮಾಡಿ. ನಾಟಕದ ಬೆಳಕು ರಂಗದ ಅಂಚಿನಿಂದ, ಕೆಳಗಿನಿಂದ ಮೇಲಕ್ಕೆ ಬೀಳುತ್ತಿತ್ತು. ಮೂಗಿನ ನೆರಳು ಹಣೆಗೆ ಏರುತ್ತದೆ, ಕಣ್ಣಿನ ಗುಳಿ ಕಾಣೆಯಾಗುತ್ತದೆ. ಅದಕ್ಕೇ ಸಫೇದದ ಬಿಳಿಯ ಮೇಲೆ ಅರದಾಳದ ಹಳದಿ, ಇಂಗಳೀಕದ ಕೆಂಪು ಬಳಿದು, ಹುಬ್ಬು ಮೀಸೆಗಳನ್ನು ಬೆರಳಗಲ ತೀಡಬೇಕಿತ್ತು. ಆ ಗೆರೆ ಐವತ್ತು ಅಡಿ ದೂರದಿಂದ ಹುಬ್ಬು, ಕ್ಲೋಸಪ್ಪಿನಲ್ಲಿ ಬರೀ ಮಸಿ. ಜೊತೆಗೆ ಕಪ್ಪು-ಬಿಳುಪಿನಲ್ಲಿ ರಾವಣನ ಕೆಂಪಿಗೆ ಅರ್ಥವೇ ಉಳಿಯುವುದಿಲ್ಲ, ಅದು ಬೂದು ಬಣ್ಣದ ಇನ್ನೊಂದು ಛಾಯೆ ಅಷ್ಟೆ. ಮೂಕಿಯ ಕಾಲದ ಫಿಲ್ಮಂತೂ ಕೆಂಪನ್ನು ಹಿಡಿಯುತ್ತಲೇ ಇರಲಿಲ್ಲ, ತುಟಿಗೆ ಕೆಂಪು ಹಚ್ಚಿದರೆ ತೆರೆಯ ಮೇಲೆ ಕಪ್ಪು. ಬಣ್ಣವೇ ಹೇಳುತ್ತಿದ್ದ ರೌದ್ರವನ್ನು ನಟ ಈಗ ಕೆನ್ನೆ, ದವಡೆ, ರೆಪ್ಪೆಯಲ್ಲಿ ತೋರಿಸಬೇಕು. ಕಿವಿಗೆ ದಾರ ಕಟ್ಟುವ ಗಡ್ಡವೂ ನಡೆಯದು, ದಾರ ಕಾಣುತ್ತದೆ. ಕೂದಲನ್ನು ಅಂಟು ಹಚ್ಚಿ ಚರ್ಮಕ್ಕೇ ಕೂರಿಸಬೇಕು. ದೀಪದ ಕಾವಿಗೆ ಬೆವರಿದರೆ ಅಂಟು ಬಿಡುತ್ತದೆ, ಮೊದಲು ಬಿಡುವುದು ಮಾತಾಡುವಾಗ ಅಲುಗುವ ತುಟಿಯಂಚಿನಲ್ಲಿ.

ದನಿಯದ್ದು ಇನ್ನೂ ಕಷ್ಟ. ಮೈಕು ತಲೆಯ ಮೇಲೆ ಒಂದೇ ಕಡೆ ತೂಗುತ್ತದೆ. ರಂಗದ ಅಭ್ಯಾಸದಂತೆ ಮಾತಿನ ನಡುವೆ ಮೂರು ಹೆಜ್ಜೆ ಹಾಕಿದರೆ ವಾಕ್ಯದ ಬಾಲ ಕೇಳಿಸದು. ಮುಖ ಆಚೆ ತಿರುಗಿಸಿದರೂ ಅದೇ ಗತಿ. ಎದೆಯಿಂದ ಅಬ್ಬರಿಸಿದರೆ ದನಿ ಒಡೆದು ಮುದ್ರಣವಾಗುತ್ತದೆ. ಹಾಗೆಂದು ದನಿ ತಗ್ಗಿಸಿದರೆ ರಾವಣ ಸಪ್ಪೆ. ಉಪಾಯ ಇಷ್ಟೇ: ಗಟ್ಟಿತನ ಕಡಿಮೆ ಮಾಡಿ ವೇಗ ತಗ್ಗಿಸುವುದು, ಒತ್ತಕ್ಷರ ಮಹಾಪ್ರಾಣಗಳನ್ನು ತೂಕವಾಗಿ ಬಿಡುವುದು. ಕೋಪವನ್ನು ಶಬ್ದದ ಗಾತ್ರಕ್ಕಿಂತ ಉಚ್ಚಾರದ ಕಟ್ಟಿನಲ್ಲಿ ಇಡುವುದು. ಬೇಗಡೆ ಅಂಟಿಸಿದ ಆಭರಣ, ಗೆಜ್ಜೆ, ಹಿತ್ತಾಳೆ ಕವಚ ಎಲ್ಲವೂ ಮಾತಿನ ಜೊತೆ ಮುದ್ರಣವಾಗುತ್ತವೆ, ಹಾಗಾಗಿ ಮಾತಿನ ಹೊತ್ತಿಗೆ ಮೈ ಸ್ಥಿರ.

ಫಿಲ್ಮಿನ ಲೆಕ್ಕ ನೋಡಿ. ಟಾಕಿಗೆ ನಿಮಿಷಕ್ಕೆ 90 ಅಡಿ ಓಡುತ್ತದೆ, ಸಾವಿರ ಅಡಿಯ ರೀಲು 11 ನಿಮಿಷ. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ, ಹಿಂದಿಯಲ್ಲೇ ಅದು ಶುರುವಾದದ್ದು 1935ರಲ್ಲಿ. ಮೂರು ನಿಮಿಷದ ಹಾಡಿನ ಕೊನೆಗೆ ನಾಲಿಗೆ ತಡವರಿಸಿದರೆ 270 ಅಡಿ ಫಿಲ್ಮು ಹಾಳು, ವಾದ್ಯದವರೂ ಮೊದಲಿನಿಂದ. ಟಾಕಿ ತೆಗೆಯುವವರು ಕಂಪನಿ ನಟರ ಬೆನ್ನು ಹತ್ತಿದ್ದು ಇದಕ್ಕೇ. ತನ್ನ ಪಾರ್ಟಷ್ಟೇ ಅಲ್ಲ, ಎದುರಿನವನದ್ದೂ ಕಂಠಪಾಠ ಇರುವವನು ಒಂದೇ ಟೇಕಿನಲ್ಲಿ ಮುಗಿಸುತ್ತಾನೆ.

ಆದರೆ ಬರೀ ಕಂಠಪಾಠ ಇನ್ನೊಂದು ಕಡೆ ಎಡವಿಸುತ್ತದೆ. ನಾಟಕದಲ್ಲಿ ರಾವಣನ ಸಿಟ್ಟು ರಾತ್ರಿ ಹತ್ತಕ್ಕೆ ಮೊಳೆತು ಎರಡಕ್ಕೆ ಉಕ್ಕುತ್ತದೆ. ಶೂಟಿಂಗಿನಲ್ಲಿ ಸೆಟ್ಟು ಯಾವುದು ತಯಾರೋ ಅದು ಮೊದಲು, ಮಗ ಸತ್ತ ದುಃಖ ಇವತ್ತು, ಮಗನಿಗೆ ಹರಸಿದ್ದು ಮುಂದಿನ ವಾರ. ಯಾವ ದೃಶ್ಯಕ್ಕೆ ಎಷ್ಟು ಕಾವು ಅನ್ನುವುದನ್ನು ತಾನೇ ನೆನಪಿಡಬೇಕು. ಇಡೀ ನಾಟಕ ತಲೆಯಲ್ಲಿ ಇದ್ದವನಿಗೆ ಇದು ಸಾಧ್ಯ, ತನ್ನ ಪಾರ್ಟು ಮಾತ್ರ ಬಾಯಿಪಾಠ ಮಾಡಿದವನಿಗೆ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ರಾಯರ ಪಾತ್ರಗಳ ಸಾಲು ನೋಡಿ. ಹುಟ್ಟಿದ್ದು 1896, ಹೊಳಲ್ಕೆರೆ. ಬಾಲನಟನಾಗಿಯೇ ರಂಗಕ್ಕೆ ಬಂದವರು. ನಾಯ್ಡು ಅವರೊಡನೆ ಸೇರಿ ನಾಟಕ ಮಂಡಳಿ ನಡೆಸಿದವರು, ಅಂದರೆ ಪಾತ್ರ ಹಂಚುವ ಕೈಯಲ್ಲಿ ಅವರದೂ ಒಂದು. 1934ರಲ್ಲಿ ರಾವಣ. 1940ರ ತೆಲುಗು 'ಭೂಕೈಲಾಸ್'ನಲ್ಲಿ ರಾವಣ ನಾಯ್ಡು, ರಾಯರು ನಾರದ! ಆರು ವರ್ಷದ ಹಿಂದೆ ಗರ್ಜಿಸಿದವನು ಈಗ ನಗುತ್ತಲೇ ರಾವಣನನ್ನು ಮೋಸಗೊಳಿಸುವವನು. 1941ರ 'ವಸಂತಸೇನಾ'ದಲ್ಲಿ ಚಾರುದತ್ತ ನಾಯ್ಡು, ಶಕಾರ ರಾಯರು. ಅದರ ಮೂಲವಾದ ಸಂಸ್ಕೃತ ನಾಟಕ ಮೃಚ್ಛಕಟಿಕ ಓದಿದ್ದರೆ ಗೊತ್ತು, ಶಕಾರ ಹೆದರಿಸಲೂ ಬೇಕು, ನಗಿಸಲೂ ಬೇಕು. ಎರಡರಲ್ಲಿ ಒಂದು ಜಾಸ್ತಿಯಾದರೂ ಪಾತ್ರ ಕೆಡುತ್ತದೆ, ಚಾರುದತ್ತನಿಗೆ ಆ ಕಷ್ಟ ಇಲ್ಲ. 1943ರಲ್ಲಿ 'ಸತ್ಯ ಹರಿಶ್ಚಂದ್ರ'ವನ್ನು ಅವರೇ ನಿರ್ದೇಶಿಸಿದರು, ಅದು ತಮಿಳಿಗೆ ಡಬ್ ಆಗಿ ಹೋಯಿತು. ರಾವಣ, ನಾರದ, ಶಕಾರ, ನಿರ್ದೇಶಕ, ನಾಲ್ಕೂ ಕಡೆ ಒಬ್ಬನೇ ಮನುಷ್ಯ. ಹೀರೋ ಆಗಿದ್ದರೆ ಈ ಹರವು ಸಿಗುತ್ತಿತ್ತೇ?

ಎಲ್ಲರಿಗೂ ಇದು ಒಲಿಯಲಿಲ್ಲ ಅನ್ನುವುದಕ್ಕೆ ಆಂಧ್ರದ ಗಡಿಯ ಉದಾಹರಣೆ ಬಳ್ಳಾರಿ ರಾಘವ. ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿ 1880ರಲ್ಲಿ ಹುಟ್ಟಿದವರು, ಬಳ್ಳಾರಿಯಲ್ಲಿ ವಕೀಲರು, ತೆಲುಗು ಕನ್ನಡ ಇಂಗ್ಲಿಷ್ ಮೂರರಲ್ಲೂ ಆಡಿದವರು. ಪದ್ಯವನ್ನು ರಾಗವಾಗಿ ಎಳೆಯುವ ರೂಢಿ ಅವರಿಗೆ ಹಿಡಿಸುತ್ತಿರಲಿಲ್ಲ, ಮಾತಿನಲ್ಲೇ ಗೆದ್ದವರು. ಹೀಗೆ ಆಡುವವರಿಗೆ ಸಿನಿಮಾ ಹೇಳಿ ಮಾಡಿಸಿದಂತಿರಬೇಕಿತ್ತು. ಆದರೆ ಸಿಕ್ಕದ್ದು ಮೂರೇ ಚಿತ್ರ, ಅದೂ ಐವತ್ತೈದು ದಾಟಿದ ಮೇಲೆ. 1936ರ 'ದ್ರೌಪದಿ ಮಾನಸಂರಕ್ಷಣಂ'ನಲ್ಲಿ ದುರ್ಯೋಧನ ಮಾಡಿದರು. ಅದೇ ವರ್ಷ ಅದೇ ಕಥೆಯ ಇನ್ನೊಂದು ಚಿತ್ರ ಬಂದು ಇದನ್ನು ಹೊಡೆದುಹಾಕಿತು. ರೈತರ ಪರವಾದ 1939ರ 'ರೈತುಬಿಡ್ಡ'ಕ್ಕೆ ಜಮೀನ್ದಾರರು ಅಡ್ಡ ಬಂದರು. 1940ರಲ್ಲಿ 'ಚಂಡಿಕಾ', ಅಲ್ಲಿಗೆ ಮುಗಿಯಿತು. ನಟನೆಯ ತಪ್ಪಲ್ಲ, ವಕೀಲಿಕೆ ಇದ್ದವರಿಗೆ ಸಿನಿಮಾ ಹೊಟ್ಟೆಪಾಡಲ್ಲ.

ತಮಿಳುನಾಡಿನ ಗಡಿಯಲ್ಲಿ, ತಾಳವಾಡಿ ಹತ್ತಿರದ ಗಾಜನೂರಿನಲ್ಲಿ ಇನ್ನೊಂದು ಬಗೆ. ಗುಬ್ಬಿ ಕಂಪನಿಯ ರೌದ್ರ ಪಾತ್ರಗಳ ಪುಟ್ಟಸ್ವಾಮಯ್ಯನವರು 1951ರಲ್ಲಿ ತೀರಿಕೊಂಡರು. ಜೊತೆಯಲ್ಲೇ ಕಂಪನಿಗೆ ಬಂದಿದ್ದ ಮಗ ಮುತ್ತುರಾಜ್ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದು, 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ರಾಜ್‌ಕುಮಾರ್ ಆದರು. ಆ ಮಗನ ಕಥೆ ನಿಮಗೆ ಗೊತ್ತೇ ಇದೆ.

ರಾಯರನ್ನು ನೋಡಬೇಕೆಂದರೆ 'ಸತಿ ಸುಲೋಚನಾ' ಹುಡುಕಬೇಡಿ, ಅದರ ಪ್ರತಿ ಉಳಿದಿಲ್ಲ. 1968ರ 'ಹಣ್ಣೆಲೆ ಚಿಗುರಿದಾಗ' ನೋಡಿ. ಅದೇ ರಾವಣನಿಗೆ ಆಗ 72 ವರ್ಷ, ಮನೆಯ ಹಿರಿಯನ ಪಾತ್ರ. ಮಾತು ಶುರುವಾಗುವ ಮುಂಚೆ ಮೈ ನಿಲ್ಲಿಸುವುದನ್ನು, ಒತ್ತಕ್ಷರಕ್ಕೆ ಕೊಡುವ ತೂಕವನ್ನು ಗಮನಿಸಿ.