ಎರಡು ಸರ್ವರ್ ಮಾಡಿದ ಮೇಲೆ ಯೂಸರ್‌ಗಳು ತಾವಾಗೇ ಲಾಗ್‌ಔಟ್ ಆಗುತ್ತಿದ್ದಾರೆ. ಪಿಎಚ್‌ಪಿ ಸೈಟ್. ಐಪಿ ಹ್ಯಾಶ್ ಸಾಕಾ, ರೆಡಿಸ್ ಬೇಕಾ?

ಐಪಿ ಹ್ಯಾಶ್ ಖಂಡಿತ ಬೇಡ. ನಾನು ಹಾಕಿ ಅನುಭವಿಸಿದ್ದೇನೆ.

ನಮ್ಮದು ಒಂದು ಕಾಲೇಜಿನ ಪರೀಕ್ಷಾ ಶುಲ್ಕ ಕಟ್ಟುವ ಸೈಟ್. ಪಿಎಚ್‌ಪಿ ಸಾಮಾನ್ಯವಾಗಿ ಸೆಷನ್ನನ್ನು, ಅಂದರೆ ಯಾರು ಲಾಗಿನ್ ಆಗಿದ್ದಾರೆ ಅನ್ನುವ ಗುರುತನ್ನು, ಆಯಾ ಸರ್ವರಿನ ಡಿಸ್ಕಿನಲ್ಲೇ ಫೈಲ್ ಮಾಡಿ ಇಡುತ್ತದೆ. ಒಂದರಲ್ಲಿ ಲಾಗಿನ್ ಆದವನು ಇನ್ನೊಂದಕ್ಕೆ ಹೋದರೆ ಅದಕ್ಕೆ ಅವನ್ಯಾರೋ ಗೊತ್ತಿಲ್ಲ. ಬಂದವರನ್ನು ಎರಡು ಸರ್ವರಿಗೆ ಹಂಚುವ ಎಂಜಿನ್‌ಎಕ್ಸ್‌ನಲ್ಲಿ ಐಪಿ ಹ್ಯಾಶ್ ಅಂತ ಒಂದು ಸಾಲು ಸೇರಿಸಿದೆ. ಒಂದು ಐಪಿಯವರು ಯಾವಾಗಲೂ ಒಂದೇ ಸರ್ವರಿಗೆ. ಮುಗೀತು ಅಂದುಕೊಂಡೆ.

ಶುಲ್ಕದ ಕೊನೇ ದಿನ ಗೊತ್ತಾಯಿತು. ಹುಡುಗರು ಕಾಲೇಜಿನ ವೈಫೈನಲ್ಲಿ ಲಾಗಿನ್ ಆಗುತ್ತಿದ್ದರು. ಅಷ್ಟು ಜನಕ್ಕೆ ಆ ವೈಫೈ ಎಲ್ಲಿ ತಡೆಯುತ್ತೆ? ಫೋನು ಮೊಬೈಲ್ ಡೇಟಾಗೆ ಹೋಗುತ್ತಿತ್ತು. ಐಪಿ ಬದಲಾಯಿತು, ಎಷ್ಟೋ ಜನರಿಗೆ ಸರ್ವರೂ ಬದಲಾಯಿತು. ಬ್ಯಾಂಕಿನ ಪುಟದಲ್ಲಿ ಓಟಿಪಿ ಹಾಕಿ, ದುಡ್ಡು ಕಟ್ ಆಗಿ, ವಾಪಸ್ ಬಂದರೆ ಎದುರಿಗೆ ಲಾಗಿನ್ ಪುಟ! ಯಾರು ಕಟ್ಟಿದ್ದು ಅನ್ನುವುದನ್ನೂ ಸೆಷನ್ನಿನಲ್ಲೇ ಇಟ್ಟಿದ್ದೆ, ಹಾಗಾಗಿ ರಸೀದಿಯೂ ಇಲ್ಲ. ಗಾಬರಿಯಲ್ಲಿ ಎರಡನೇ ಸಲ ಕಟ್ಟಿದವರೂ ಇದ್ದರು.

ಇಷ್ಟೇ ಅಲ್ಲ. ಐಪಿ ಹ್ಯಾಶ್ ಐಪಿವಿ4 ವಿಳಾಸವನ್ನು ಪೂರ್ತಿ ನೋಡುವುದಿಲ್ಲ. ನಾಲ್ಕು ಭಾಗದಲ್ಲಿ ಮೊದಲ ಮೂರನ್ನಷ್ಟೇ ನೋಡುತ್ತದೆ. ಅಂದರೆ ಕೊನೇ ಭಾಗ ಮಾತ್ರ ಬೇರೆ ಇರುವ 256 ವಿಳಾಸವೂ ಒಂದೇ ಸರ್ವರಿನ ತಲೆಗೆ. ಸಾಲದ್ದಕ್ಕೆ ಇಡೀ ಕಾಲೇಜು ಹೊರಗೆ ಕಾಣುವುದೇ ಒಂದು ಐಪಿಯಲ್ಲಿ. ಕ್ಯಾಂಪಸ್ಸಿನ ಲೋಡೆಲ್ಲ ಒಂದರ ಮೇಲೆ, ಇನ್ನೊಂದು ಸುಮ್ನೆ ನೊಣ ಹೊಡೆಯುತ್ತಿತ್ತು. ಕೊನೆಗೆ ಲೋಡ್ ಹೊತ್ತಿದ್ದ ಸರ್ವರ್ ಬಿತ್ತು. ಅದರಲ್ಲಿದ್ದವರೆಲ್ಲ ಇನ್ನೊಂದಕ್ಕೆ ಬಂದರು, ಎಲ್ಲರೂ ಲಾಗ್‌ಔಟ್.

ಆಮೇಲೆ ಸೆಷನ್ನುಗಳನ್ನು ಇದ್ದ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲೇ ಒಂದು ಟೇಬಲ್ಲಿಗೆ ಹಾಕಿದೆವು. ಎರಡೂ ಸರ್ವರ್ ಹೇಗೂ ಅದನ್ನೇ ಕೇಳುತ್ತವೆ. ನಿಮಗೂ ಅಷ್ಟು ಸಾಕು. ರೆಡಿಸ್ (ಡೇಟಾವನ್ನು ಮೆಮೊರಿಯಲ್ಲೇ ಇಡುವ ಸಾಫ್ಟ್‌ವೇರ್) ಒಳ್ಳೆಯದೇ, ಆದರೆ ಎರಡು ಸರ್ವರಿಗೋಸ್ಕರ ನೋಡಿಕೊಳ್ಳಲು ಮೂರನೆಯದೊಂದು ಯಾಕೆ? ಹಾಕಿದರೂ ಕ್ಯಾಶ್ (ಬೇಗ ಸಿಗಲಿ ಅಂತ ಇಟ್ಟ ತಾತ್ಕಾಲಿಕ ಪ್ರತಿಗಳು) ಜೊತೆ ಸೇರಿಸಬೇಡಿ. ಮೆಮೊರಿ ತುಂಬಿದಾಗ ಹಳೇ ಡೇಟಾವನ್ನು ತೆಗೆದುಹಾಕು ಅಂತ ಸೆಟ್ ಮಾಡಿದ್ದರೆ ಅದು ಕ್ಯಾಶಾ, ಸೆಷನ್ನಾ ಅಂತ ನೋಡಲ್ಲ. ಜೆಡಬ್ಲ್ಯೂಟಿ (ಲಾಗಿನ್ ಗುರುತನ್ನು ಸಹಿ ಹಾಕಿ ಯೂಸರ್ ಕೈಗೇ ಕೊಡುವ ಟೋಕನ್) ಬಳಸಿ ಅಂತಲೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಬ್ಬನನ್ನು ತಕ್ಷಣ ಲಾಗ್‌ಔಟ್ ಮಾಡಿಸಬೇಕು ಅಂದಾಗ ರದ್ದಾದ ಟೋಕನ್ನುಗಳ ಪಟ್ಟಿಯನ್ನು ಸರ್ವರಿನಲ್ಲೇ ಇಡಬೇಕಾಗುತ್ತೆ, ಮತ್ತೆ ಅದೇ ಕಥೆ.

ಅಂದಹಾಗೆ, ಇದು ಎರಡು ಸರ್ವರಿನಿಂದಲೇ ಆಗುತ್ತಿದೆ ಅಂತ ನಿಮಗೆ ಖಾತ್ರಿನಾ? ಪಿಎಚ್‌ಪಿಯಲ್ಲಿ ಸೆಷನ್ನಿನ ಡೀಫಾಲ್ಟ್ ಆಯಸ್ಸು 1440 ಸೆಕೆಂಡು, ಅಂದರೆ ಬರೀ 24 ನಿಮಿಷ. ಜನ ಕಡಿಮೆ ಇರುವಾಗ ಒಂದು ಸರ್ವರ್ ನಿಲ್ಲಿಸಿ ಹೊಸದಾಗಿ ಲಾಗಿನ್ ಆಗಿ ನೋಡಿ. ಆಗಲೂ ಹೊರಗೆ ತಳ್ಳಿದರೆ ಮೊದಲು ಆ ಸೆಟ್ಟಿಂಗ್ ನೋಡಿ.