ಕಿವಿಯೊಳಗಿನ ಪಿಯಾನೊ

ಪ್ರಶ್ನೆ: ‘ಲೆ ಮಿಸೆರಾಬ್ಲ್’ ಚಿತ್ರದಲ್ಲಿ (2012) ಆನ್ ಹ್ಯಾಥವೇ ಹಾಡುವ ‘ಐ ಡ್ರೀಮ್ಡ್ ಎ ಡ್ರೀಮ್’ ನೋಡಿ ಅತ್ತುಬಿಟ್ಟೆ. ಸಂಗೀತ ಕಲಿತಿರುವ ನನ್ನ ಅಕ್ಕ ಮಾತ್ರ, ‘ಇದು ಹಾಡಲ್ಲ, ಬಿಕ್ಕುವುದು. ರಂಗದ ಮೇಲೆ ಹಾಡಿದವರನ್ನು ಕೇಳಿ ನೋಡು’ ಎನ್ನುತ್ತಾಳೆ. ಇಬ್ಬರಲ್ಲಿ ಯಾರು ಸರಿ?

ಉತ್ತರ: ನಿಮ್ಮ ಅಕ್ಕನ ಕಿವಿ ಚೆನ್ನಾಗಿದೆ. ಹ್ಯಾಥವೇ ಸ್ವರಗಳನ್ನು ಮುಟ್ಟುತ್ತಾರೆ, ಅವುಗಳ ಮೇಲೆ ನಿಲ್ಲುವುದಿಲ್ಲ. 1985ರಲ್ಲಿ ಲಂಡನ್ನಿನ ಬಾರ್ಬಿಕನ್‌ನಲ್ಲಿ ಇದೇ ಹೆಸರಿನ ಸಂಗೀತ ನಾಟಕದಲ್ಲಿ ಇದೇ ಫಾಂಟೀನ್ ಪಾತ್ರ (ಚಿತ್ರದಲ್ಲಿ ಹ್ಯಾಥವೇ ಮಾಡಿದ್ದು) ಮಾಡಿದ ಪ್ಯಾಟಿ ಲುಪೋನ್ ಅವರನ್ನು ಕೇಳಿದರೆ ಸ್ವರವನ್ನು ಹಿಡಿದು ನಿಲ್ಲಿಸುವುದು ಎಂದರೇನು ಎಂದು ತಿಳಿಯುತ್ತದೆ. ಹಾಗಿದ್ದೂ ನಾನು ನಿಮ್ಮ ಕಡೆ. ಏಕೆಂದು ಹೇಳಲು ಸ್ವಲ್ಪ ಜಾಗ ಬೇಕು.

ನಾನು ಮೂವತ್ತು ವರ್ಷ ಗಾಯಕರಿಗೆ ಹಾರ್ಮೋನಿಯಂ ಸಾಥ್ ಮಾಡಿದವನು. ಹಾಗಾಗಿ ಹಾಡು ಕೇಳುವಾಗ ನನ್ನ ಗಮನ ಮೊದಲು ಹೋಗುವುದು ಒಂದೇ ಕಡೆಗೆ: ಇಲ್ಲಿ ಯಾರು ಮುಂದೆ ನಡೆಯುತ್ತಿದ್ದಾರೆ, ಯಾರು ಹಿಂಬಾಲಿಸುತ್ತಿದ್ದಾರೆ? ಸಂಗೀತ ಪ್ರಧಾನ ಚಿತ್ರಗಳಲ್ಲಿ ಸಾಮಾನ್ಯವಾಗಿ ಹಾಡನ್ನು ಎಷ್ಟೋ ವಾರ ಮೊದಲೇ ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿರುತ್ತಾರೆ. ಚಿತ್ರೀಕರಣದ ದಿನ ನಟರು ಅದಕ್ಕೆ ತುಟಿ ಕೂಡಿಸುತ್ತಾರೆ. ಎಲ್ಲಿ ಉಸಿರೆಳೆಯಬೇಕು, ಎಲ್ಲಿ ತಡೆಯಬೇಕು ಎಂಬುದೆಲ್ಲ ಆ ಮುದ್ರಿಕೆಯಲ್ಲೇ ತೀರ್ಮಾನವಾಗಿರುತ್ತದೆ. ನಟಿಗೆ ಆ ಹೊತ್ತಿನಲ್ಲಿ ಒಂದು ಕ್ಷಣ ಹೆಚ್ಚು ಬೇಕೆನಿಸಿದರೂ ಹಾಡು ಅವಳಿಗಾಗಿ ಕಾಯುವುದಿಲ್ಲ.

ನಿರ್ದೇಶಕ ಟಾಮ್ ಹೂಪರ್ ಇದನ್ನು ತಿರುಗಿಸಿದರು. ನಟರು ಕ್ಯಾಮೆರಾ ಎದುರಿಗೇ ಹಾಡಿದರು. ಮೈಕ್‌ಗಳು ಉಡುಪಿನಲ್ಲಿದ್ದವು, ಕಿವಿಯಲ್ಲಿ ಪಿಯಾನೊ ಕೇಳಿಸುವ ಪುಟ್ಟ ಇಯರ್‌ಪೀಸ್ ಇತ್ತು. ಕ್ಯಾಮೆರಾ ಕಣ್ಣಿಗೆ ಬೀಳದಂತೆ ಕುಳಿತ ಪಿಯಾನೊ ವಾದಕರು ನಟರ ಉಸಿರು ನೋಡಿಕೊಂಡು ನುಡಿಸುತ್ತಿದ್ದರು. ವಾದ್ಯವೃಂದ ಸೇರಿದ್ದು ಎಲ್ಲ ಮುಗಿದ ಮೇಲೆ. ಇದೇ ಮೊದಲೇನೂ ಅಲ್ಲ. 1964ರ ‘ಮೈ ಫೇರ್ ಲೇಡಿ’ಯಲ್ಲಿ ರೆಕ್ಸ್ ಹ್ಯಾರಿಸನ್ ಟೈಯೊಳಗೆ ತಂತಿರಹಿತ ಮೈಕ್ ಇಟ್ಟುಕೊಂಡು ಹಾಗೆಯೇ ಹಾಡಿದ್ದರು. ಆದರೆ ಮೊದಲಿನಿಂದ ಕೊನೆಯವರೆಗೆ ಹಾಡಿನಲ್ಲೇ ನಡೆಯುವ ಎರಡೂವರೆ ಗಂಟೆಯ ಚಿತ್ರವನ್ನು ಈ ಕ್ರಮದಲ್ಲಿ ಕಟ್ಟುವುದು ದೊಡ್ಡ ಸಾಹಸ.

ಈಗ ಹ್ಯಾಥವೇಯವರ ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಒಂದೇ ಟೇಕ್, ಕ್ಯಾಮೆರಾ ಮುಖ ಬಿಟ್ಟು ಕದಲುವುದಿಲ್ಲ. ಒಂದು ಬೇಸಿಗೆ ಜೊತೆಗಿದ್ದು ಶರತ್ಕಾಲ ಬರುವ ಹೊತ್ತಿಗೆ ಹೊರಟುಹೋದವನ ನೆನಪಿನ ಸಾಲು ಬರುತ್ತದಲ್ಲ, ಅಲ್ಲಿ ಆಕೆ ತಡೆಯುತ್ತಾರೆ. ಆ ತಡೆ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಅಲ್ಲಿ ಯಾರೋ ಬೆರಳನ್ನು ಪಿಯಾನೊದ ಮನೆಯ ಮೇಲಿಟ್ಟು ಒತ್ತದೆ ಕಾದಿದ್ದಾರೆ ಎಂಬುದು ನನಗೆ ಮೈಯಲ್ಲೇ ತಿಳಿಯುತ್ತದೆ. ಸಾಥ್ ಮಾಡಿದವರಿಗೆ ಆ ಕಾಯುವಿಕೆಯ ಭಾರ ಗೊತ್ತು. ಬಿಕ್ಕಿದ್ದಕ್ಕೆ ನಾನು ಮೆಚ್ಚಿದ್ದಲ್ಲ, ಬಿಕ್ಕುವುದು ಸುಲಭ. ಆಕೆ ಕಾಲವನ್ನು ತನ್ನ ಕೈಯಲ್ಲಿಟ್ಟುಕೊಂಡರು, ಅದಕ್ಕೆ ಮೆಚ್ಚಿದೆ.

ಇನ್ನೊಂದು ಸಂಗತಿಯನ್ನೂ ಅಕ್ಕನಿಗೆ ಹೇಳಿ. ರಂಗದಲ್ಲಿ ಈ ಹಾಡು ಬರುವುದು ಫಾಂಟೀನ್ ಕಾರ್ಖಾನೆಯ ಕೆಲಸ ಕಳೆದುಕೊಂಡ ಕೂಡಲೇ. ಅವಳಿನ್ನೂ ಕೂದಲು ಮಾರಿಲ್ಲ, ಮೈ ಮಾರಿಲ್ಲ. ಚಿತ್ರದಲ್ಲಿ ಎಲ್ಲವನ್ನೂ ಕಳೆದುಕೊಂಡ ಮೇಲೆ ಹಾಡುತ್ತಾಳೆ. ಆ ಸ್ಥಿತಿಯಲ್ಲಿರುವವಳು ರಂಗದ ಫಾಂಟೀನಳಂತೆ ಕಂಠ ತುಂಬಿ ಹಾಡಿದ್ದರೆ ನಾನು ನಂಬುತ್ತಿರಲಿಲ್ಲ. ಹ್ಯಾಥವೇಯವರ ತಾಯಿಯೂ ಅಮೆರಿಕದ ಸಂಚಾರಿ ತಂಡದಲ್ಲಿ ಈ ನಾಟಕದಲ್ಲಿದ್ದವರು, ಫಾಂಟೀನ್ ಪಾತ್ರವನ್ನೂ ಮಾಡಿದವರು. ಅಂದರೆ ಮಗಳು ರಂಗದ ಪಾಠವನ್ನು ತಿಳಿದೇ ಬದಿಗಿಟ್ಟಿದ್ದಾರೆ. ಕಾಲು ಗಂಟೆಯಷ್ಟು ಹೊತ್ತು ತೆರೆಯ ಮೇಲಿದ್ದ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟಿ ಆಸ್ಕರ್ ಬಂದದ್ದು ನ್ಯಾಯವೇ.

ಪ್ರಶ್ನೆ: ಇನ್‌ಸ್ಪೆಕ್ಟರ್ ಜಾವೇರ್ ಪಾತ್ರದಲ್ಲಿ ರಸೆಲ್ ಕ್ರೋ ಅವರನ್ನು ಎಲ್ಲರೂ ಹೀಗಳೆಯುತ್ತಾರೆ. ನನಗೆ ಅಷ್ಟು ಕೆಟ್ಟದೆನಿಸಲಿಲ್ಲ. ನನ್ನ ಅಭಿರುಚಿಯೇ ಸರಿಯಿಲ್ಲವೇ?

ಉತ್ತರ: ನಿಮ್ಮ ಅಭಿರುಚಿಗೆ ಏನೂ ಆಗಿಲ್ಲ. ಕ್ರೋ ರಾಕ್ ತಂಡದಲ್ಲಿ ಹಾಡಿದವರು, ಶ್ರುತಿ ಗೊತ್ತಿರುವವರು. ಎತ್ತರದ ಕಟ್ಟಡದ ಅಂಚಿನಲ್ಲಿ ನಡೆಯುತ್ತಾ ಹಾಡುವ ‘ಸ್ಟಾರ್ಸ್’ ನನಗೆ ಹಿಡಿಸಿತು. ತಾಳದಿಂದ ಕೂದಲೆಳೆಯಷ್ಟೂ ಸರಿಯದೆ ಹಾಡುತ್ತಾರೆ. ಜಾವೇರ್ ಅಂಥವನೇ, ಆಕಾಶದ ನಕ್ಷತ್ರಗಳೂ ಕಾಯಿದೆಯಂತೆ ನಡೆಯುತ್ತವೆ ಎಂದು ನಂಬಿದವನು.

ನನ್ನ ದೂರು ಬೇರೆ ಜಾಗದಲ್ಲಿದೆ. ಈ ನಾಟಕದ ಸಂಗೀತಗಾರ ಕ್ಲೋದ್-ಮಿಶೆಲ್ ಶೋನ್‌ಬರ್ಗ್ ಒಂದು ಅದ್ಭುತ ಕೆಲಸ ಮಾಡಿದ್ದಾರೆ. ಬಿಷಪ್ಪನ ದಯೆಯಿಂದ ತತ್ತರಿಸಿದ ಮಾಜಿ ಕೈದಿ ವಾಲ್ಜಾನ್ (ಜಾವೇರ್ ಬೆನ್ನಟ್ಟುವುದು ಇವನನ್ನೇ) ಹಾಡುವ ಸ್ವಗತಕ್ಕೂ, ವಾಲ್ಜಾನನ ದಯೆಯಿಂದ ತತ್ತರಿಸಿದ ಜಾವೇರ್ ಸೇನ್ ನದಿಗೆ ಹಾರುವ ಮುನ್ನ ಹಾಡುವ ಸ್ವಗತಕ್ಕೂ ಒಂದೇ ಧಾಟಿ. ಒಬ್ಬ ದಯೆಯನ್ನು ಒಪ್ಪಿಕೊಂಡು ಬದುಕುತ್ತಾನೆ, ಇನ್ನೊಬ್ಬ ಒಪ್ಪಲಾರದೆ ಸಾಯುತ್ತಾನೆ. ವಾಲ್ಜಾನ್ ಪಾತ್ರದ ಹ್ಯೂ ಜಾಕ್‌ಮನ್ ತಮ್ಮ ಸ್ವಗತವನ್ನು ಹರಿದು ಚಿಂದಿ ಮಾಡುತ್ತಾರೆ: ಓಡುತ್ತಾರೆ, ಎಡವುತ್ತಾರೆ, ಅರ್ಧ ಮಾತಾಡುತ್ತಾರೆ. ಕ್ರೋ ಅವರ ಸರದಿ ಬಂದಾಗ, ಜೀವಮಾನವಿಡೀ ಕಾಪಾಡಿಕೊಂಡು ಬಂದ ಆ ಲಯ ಅಲ್ಲಾದರೂ ಮುರಿಯಬೇಕಿತ್ತು. ಮುರಿಯುವುದಿಲ್ಲ. ನುಡಿಸುವವರು ಕಾಯಲು ಸಿದ್ಧರಿದ್ದರು, ಕ್ರೋ ಕಾಯಲು ಹೇಳಲೇ ಇಲ್ಲ. ಆ ದೃಶ್ಯ ಕಂಡಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಪ್ರಶ್ನೆ: ನಾಟಕದಲ್ಲೂ ಚಿತ್ರದಲ್ಲೂ ಒಲಿಯದವನನ್ನು ಪ್ರೀತಿಸುವ ಎಪೋನೀನ್ ಆಗಿ ಸಮಂತಾ ಬಾರ್ಕ್ಸ್ ಅವರೇ ಇದ್ದಾರೆ. ರಂಗದ ಅನುಭವ ಕ್ಯಾಮೆರಾ ಮುಂದೆ ನೆರವಾಗುತ್ತದೋ, ತೊಡಕಾಗುತ್ತದೋ?

ಉತ್ತರ: ಬಾರ್ಕ್ಸ್ ವಿಷಯದಲ್ಲಿ ನೆರವಾಗಿದೆ. 2010ರಲ್ಲಿ ಲಂಡನ್ನಿನ ಒ2 ಸಭಾಂಗಣದಲ್ಲಿ ನಡೆದ ಇಪ್ಪತ್ತೈದನೇ ವರ್ಷದ ಕಛೇರಿಯಲ್ಲಿ ಅವರು ‘ಆನ್ ಮೈ ಓನ್’ ಹಾಡಿದ್ದು ಕೊನೆಯ ಸಾಲಿನ ಕುರ್ಚಿಗೆ. ಚಿತ್ರದಲ್ಲಿ ಮಳೆಯಲ್ಲಿ ನೆನೆಯುತ್ತಾ ಅದನ್ನೇ ಹಾಡುವುದು ತಮಗೆ ತಾವೇ. ಧ್ವನಿ ಇಳಿಸಿದರೂ ಸ್ವರ ಸಡಿಲವಾಗಿಲ್ಲ. ಕಡಿಮೆ ಮಾಡಲು ಮೊದಲು ಹೆಚ್ಚು ಇರಬೇಕು.

ಜಾಕ್‌ಮನ್ ಕೂಡ ರಂಗದವರೇ. ಬ್ರಾಡ್‌ವೇಯ ಸಂಗೀತ ನಾಟಕಕ್ಕೆ 2004ರಲ್ಲಿ ಟೋನಿ ರಂಗಪ್ರಶಸ್ತಿ ಪಡೆದವರು. ಆದರೂ ಅವರ ‘ಬ್ರಿಂಗ್ ಹಿಮ್ ಹೋಮ್’ ನನಗೆ ಒಗ್ಗಲಿಲ್ಲ. ಮಲಗಿರುವ ಹುಡುಗನ ಪಕ್ಕದಲ್ಲಿ ಮಾಡುವ ಪ್ರಾರ್ಥನೆ ಅದು. ಅವರು ಗಟ್ಟಿ ಕಂಠದಲ್ಲಿ ಹಾಡಿ ಹುಡುಗನನ್ನು ಎಬ್ಬಿಸಿಬಿಡುತ್ತಾರೇನೋ ಎಂದು ಆತಂಕವಾಗುತ್ತದೆ.

ಅದೇ ಹುಡುಗ, ಅಂದರೆ ಮಾರಿಯುಸ್ ಪಾತ್ರದ ಎಡ್ಡಿ ರೆಡ್‌ಮೇನ್, ಸತ್ತ ಗೆಳೆಯರ ಖಾಲಿ ಕುರ್ಚಿಗಳ ನಡುವೆ ಹಾಡಲು ತೊಡಗುವಾಗ ವಾದ್ಯವೇ ಇಲ್ಲ. ಸಾಥಿದಾರ ಸುಮ್ಮನಿರುವುದೂ ಸಾಥ್ ಎಂದು ನನ್ನ ಗುರುಗಳು ಹೇಳುತ್ತಿದ್ದರು.

ಪ್ರಶ್ನೆ: ಯಾವುದನ್ನು ಮೊದಲು ನೋಡಬೇಕು, ಚಿತ್ರವನ್ನೋ ಆ ಕಛೇರಿಯ ಮುದ್ರಿಕೆಯನ್ನೋ?

ಉತ್ತರ: ಕಛೇರಿಯನ್ನು. ಅದರ ಕೊನೆಯಲ್ಲಿ ನಾಲ್ವರು ವಾಲ್ಜಾನರು ಒಟ್ಟಿಗೆ ನಿಂತು ‘ಬ್ರಿಂಗ್ ಹಿಮ್ ಹೋಮ್’ ಹಾಡುತ್ತಾರೆ. ಅವರಲ್ಲಿ 1985ರ ಮೊದಲ ವಾಲ್ಜಾನ್ ಕಾಲಮ್ ವಿಲ್ಕಿನ್ಸನ್ ಕೂಡ ಇದ್ದಾರೆ. ಆ ಮುಖವನ್ನು ನೆನಪಿಟ್ಟುಕೊಂಡು ಚಿತ್ರಕ್ಕೆ ಬನ್ನಿ. ಬೆಳ್ಳಿಯ ದೀಪಕಂಬಗಳನ್ನು ಕೊಟ್ಟು ಕಳಿಸುವ ಬಿಷಪ್ ಅವರೇ. ಕೊನೆಯಲ್ಲಿ ವಾಲ್ಜಾನ್ ಪ್ರಾಣ ಬಿಡುವಾಗ ಬಾಗಿಲಾಚೆ ನಿಂತು ಅವನಿಗಾಗಿ ಕಾಯುವವರೂ ಅವರೇ.