ಇಳಿಜಾರಿನ, ಮರಗಳಿರುವ ಸೈಟಿನಲ್ಲಿ ನೆಲ ಸಮ ಮಾಡಿಸಿಯೇ ಮನೆ ಕಟ್ಟಬೇಕೇ?

ಎಂಟಡಿಗೆ ಒಂದಡಿ ಇಳಿಯುವ ಸೈಟು, ನಾಲ್ಕೈದು ದೊಡ್ಡ ಮರಗಳು, ಜೆಸಿಬಿ ತರಿಸಿ ಸಮ ಮಾಡೋಣ ಎನ್ನುವ ಕಾಂಟ್ರಾಕ್ಟರ್. ಒಪ್ಪಲೇ ಎಂದು ಕೇಳಿದ್ದೀರಿ. ದಯವಿಟ್ಟು ಒಪ್ಪಬೇಡಿ.

ಮೇಲಿನ ಮಣ್ಣು ಕಡಿದು ಕೆಳಗೆ ತುಂಬಿದರೆ ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ ಕೂರುತ್ತದೆ. ಸರಿಯಾಗಿ ದಮ್ಮಸ್ಸು ಮಾಡದ ಮಣ್ಣು ವರ್ಷಗಟ್ಟಲೆ ಇಳಿಯುತ್ತಲೇ ಇರುತ್ತದೆ. ಎರಡೂ ಸೇರುವ ಜಾಗದಲ್ಲಿ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ, ಎಷ್ಟು ಸಲ ಗಾರೆ ಮೆತ್ತಿದರೂ ಅದು ಮತ್ತೆ ಬಾಯಿ ಬಿಡುತ್ತದೆ.

ಮೊದಲು ಕಾಂಟೂರ್ ಸರ್ವೆ ಮಾಡಿಸಿ, ಅಂದರೆ ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಸೇರಿಸಿ ತೋರಿಸುವ ಸೈಟಿನ ನಕ್ಷೆ. ಪ್ರತಿ ಅರ್ಧ ಮೀಟರ್ ಎತ್ತರಕ್ಕೊಂದು ಗೆರೆ, ಪ್ರತಿ ಮರದ ಜಾಗ ಮತ್ತು ಕಾಂಡದ ದಪ್ಪ, ಮಳೆನೀರು ಹರಿಯುವ ದಾರಿ ಅದರಲ್ಲಿರಲಿ. ಅದು ಕೈಗೆ ಬರುವವರೆಗೆ ಪ್ಲಾನ್ ಬಿಡಿಸಬೇಡಿ.

ಮನೆಯ ಉದ್ದದ ಬದಿ ಕಾಂಟೂರ್ ಗೆರೆಯ ಜೊತೆಗೇ ಸಾಗಬೇಕು. 14 ಮೀಟರ್ ಉದ್ದ, 7 ಮೀಟರ್ ಅಗಲದ ಮನೆ ಅನ್ನಿ. ಇಳಿಜಾರಿನ ಉದ್ದಕ್ಕೆ ಇಟ್ಟರೆ ನಿಮ್ಮ ಸೈಟಿನಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ 1.75 ಮೀಟರ್ ವ್ಯತ್ಯಾಸ ಬರುತ್ತದೆ, ಅಡ್ಡಕ್ಕೆ ತಿರುಗಿಸಿದರೆ ಬರೀ 88 ಸೆಂಟಿಮೀಟರ್. ಆಗ ಒಳಗೆ ನೆಲವನ್ನು ಎರಡು ಹಂತ ಮಾಡಿ, ನಡುವೆ 15 ಸೆಂಟಿಮೀಟರಿನ 3 ಮೆಟ್ಟಿಲು ಕೊಟ್ಟರೆ ಸಾಕು, ಉಳಿದ ಏರಿಳಿತ ಪಾಯದ ಎತ್ತರದಲ್ಲೇ ಮುಗಿಯುತ್ತದೆ. ವಯಸ್ಸಾದವರ ಕೋಣೆ, ಅಡುಗೆಮನೆ, ಒಂದು ಬಚ್ಚಲು ಬಾಗಿಲಿನ ಮಟ್ಟದಲ್ಲೇ ಇರಲಿ. ಮುಂದೆ ಗಾಲಿಕುರ್ಚಿ ಬೇಕಾದರೆ ಆ 45 ಸೆಂಟಿಮೀಟರ್ ಏರಲು 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಅದಕ್ಕೆ ಈಗಲೇ ಜಾಗ ಬಿಡಿ.

ಮರದ ವಿಷಯದಲ್ಲಿ ಜನ ಕೊಂಬೆ ನೋಡುತ್ತಾರೆ, ಬೇರು ಮರೆಯುತ್ತಾರೆ. ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡಕ್ಕೆ ಟೇಪು ಸುತ್ತಿ, ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿ. ಅದು ವ್ಯಾಸ. ಅದರ 12 ಪಟ್ಟು ದೂರದವರೆಗೆ ಸುತ್ತಲೂ ಅಗೆಯಬಾರದು. ಸುತ್ತಳತೆ 126 ಸೆಂಟಿಮೀಟರ್ ಇದ್ದರೆ ವ್ಯಾಸ 40, ಕಾಪಾಡಬೇಕಾದ ಜಾಗ ಎಲ್ಲ ದಿಕ್ಕಿಗೂ 4.8 ಮೀಟರ್. ನೀರು, ಗಾಳಿ ಎಳೆಯುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತವೆ. ಅದರ ಮೇಲೆ ಒಂದಡಿ ಮಣ್ಣು ಸುರಿದರೂ ಅವಕ್ಕೆ ಉಸಿರು ಕಟ್ಟುತ್ತದೆ. ಮರ ಕೂಡಲೇ ಒಣಗುವುದಿಲ್ಲ, ಎರಡು ಮೂರು ವರ್ಷದ ಮೇಲೆ ತುದಿಯಿಂದ ಒಣಗುತ್ತಾ ಬರುತ್ತದೆ, ಆಗ ಯಾರಿಗೂ ಕಾರಣ ಹೊಳೆಯುವುದಿಲ್ಲ. ಮನೆಯ ಒಂದು ಮೂಲೆ ಈ ವಲಯದೊಳಗೆ ಹೋಗಲೇಬೇಕೆಂದರೆ ಅಲ್ಲಿ ಗೋಡೆಯುದ್ದಕ್ಕೂ ಸಾಲು ಪಾಯ ತೋಡಿಸಬೇಡಿ. ಬಿಡಿ ಕಾಲಂ ನಿಲ್ಲಿಸಿ, ಅವನ್ನು ಜೋಡಿಸಿ ಗೋಡೆ ಹೊರುವ ಪ್ಲಿಂತ್ ಬೀಮನ್ನು ನೆಲಕ್ಕೆ ತಾಗದಂತೆ ಮೇಲೆ ಕಟ್ಟಿಸಿ. ಕಾಲಂ ಗುಂಡಿಯನ್ನು ಕೈಯಲ್ಲೇ ತೋಡಿಸಿ, ದಪ್ಪ ಬೇರು ಸಿಕ್ಕರೆ ಗುಂಡಿಯನ್ನೇ ಪಕ್ಕಕ್ಕೆ ಸರಿಸಬೇಕು. ಸರಿಸಲು ಎಷ್ಟು ಅವಕಾಶವಿದೆ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಮೊದಲೇ ಬರೆಸಿಕೊಳ್ಳಿ.

ಇಳಿಜಾರಿನ ಮನೆಗೆ ದೊಡ್ಡ ಶತ್ರು ಮೇಲಿನಿಂದ ಬರುವ ನೀರು. ಮೇಲ್ಬದಿಯಲ್ಲಿ ಅಗಲವಾದ ಕಾಲುವೆ ತೋಡಿ ನೀರನ್ನು ಮನೆಯ ಎರಡೂ ಪಕ್ಕಕ್ಕೆ ತಿರುಗಿಸಿ. ಗೋಡೆಗೆ ಹೊಂದಿದ ನೆಲ ಮೊದಲ 3 ಮೀಟರಿನಲ್ಲಿ ಹೊರಕ್ಕೆ 15 ಸೆಂಟಿಮೀಟರ್ ಇಳಿದಿರಲಿ, ಮೇಲ್ಬದಿಯಲ್ಲೂ ಸಹ. ತಡೆಗೋಡೆ ಬೇಕಾದರೆ ಅದರ ಹಿಂದೆ ಒಂದಡಿ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಬುಡದಲ್ಲಿ ನೀರು ಸೋರುವ ತೂತುಗಳು ಇರಲೇಬೇಕು. ತಡೆಗೋಡೆ ಬೀಳುವುದು ಹೆಚ್ಚಾಗಿ ಒಳಗೆ ನಿಂತ ನೀರಿನ ಒತ್ತಡಕ್ಕೆ.

ಕಿಟಕಿ ಬಗ್ಗೆ ಒಂದೇ ಮಾತು: ಪಶ್ಚಿಮಕ್ಕೆ ಸಜ್ಜಾ ಎಷ್ಟು ಉದ್ದ ಬಿಟ್ಟರೂ ಸಂಜೆಯ ತಗ್ಗು ಬಿಸಿಲು ಕೆಳಗಿಂದ ನುಗ್ಗುತ್ತದೆ. ಅಲ್ಲಿ ಕಿಟಕಿ ಚಿಕ್ಕದಿರಲಿ, ಅಥವಾ ಇರುವ ಮರದ ನೆರಳಿಗೆ ಬರುವಂತೆ ಇಡಿ.

ಕೆಲಸ ಶುರುವಾಗುವ ಮುನ್ನ ಬೇರಿನ ವಲಯಕ್ಕೆ ಗಟ್ಟಿ ಬೇಲಿ ಹಾಕಿಸಿ. ಹಗ್ಗ ಕಟ್ಟಿದರೆ ಎರಡೇ ದಿನದಲ್ಲಿ ಅದರೊಳಗೆ ಇಟ್ಟಿಗೆ, ಮರಳು ಬಂದು ಬೀಳುತ್ತದೆ. ಕಾಂಕ್ರೀಟ್ ಮಿಕ್ಸರ್ ತೊಳೆಯುವ ಜಾಗವನ್ನು ಮರಗಳಿಗಿಂತ ಕೆಳಗೆ ಗುರುತು ಮಾಡಿ ಮೇಸ್ತ್ರಿಗೆ ತೋರಿಸಿ. ಸಿಮೆಂಟ್ ನೀರು ತುಂಬಾ ಕ್ಷಾರ, ಮೇಲೆ ಚೆಲ್ಲಿದರೆ ಹರಿದು ನೇರವಾಗಿ ಬೇರಿಗೇ ಬರುತ್ತದೆ.